ಅಕ್ಕನ ತಲೆಯ ಬಲಮಗ್ಗುಲು

ನಮ್ಮ ಅಕ್ಕ ಪುಕ್ಕಲಿ ಎಂಬುದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಅದು ಶುರುವಾದದ್ದು ಅವಳ ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಪಾತ್ರೆ ತೊಳೆಯುತ್ತಲೋ ಕೂದಲು ಬಾಚುತ್ತಲೋ ಇದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುವಳು. ಮುಖದ ರಕ್ತವೆಲ್ಲ ಇಳಿದುಹೋಗುವುದು. "ಬಂತು" ಎನ್ನುವಳು, ಅಷ್ಟೇ. ಹತ್ತಿರದಲ್ಲಿ ಯಾರ ತೋಳಿದ್ದರೂ ಉಗುರು ಊರುವ ಹಾಗೆ ಹಿಡಿದುಕೊಳ್ಳುವಳು. ಆಮೇಲೆ ಒಂದು ನಿಮಿಷ ಗೋಡೆಯ ಒಂದೇ ಜಾಗ ನೋಡುತ್ತ, ಉಗುಳು ನುಂಗುತ್ತ, ಅಂಗಿಯ ಗುಂಡಿ ತಿರುಗಿಸುತ್ತ ಇರುವಳು. ಕರೆದರೆ ಓಗೊಡಳು. ಮುಗಿದ ಮೇಲೆ ನೀರು ಕೇಳುವಳು.

"ಏನು ಕಂಡೆ?" ಎಂದು ಕೇಳಿದರೆ, "ಏನೂ ಕಾಣಲಿಲ್ಲ. ಭಯ ಆಯ್ತು" ಎನ್ನುವಳು.

"ಯಾತರ ಭಯ?"

"ಯಾತರದ್ದೂ ಅಲ್ಲ. ಬರೀ ಭಯ."

ಬರೀ ಭಯಕ್ಕೆ ಯಾರು ಏನು ಮಾಡಲಾದೀತು? ಪರಿಚಯದ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಇನ್ನೊಬ್ಬರು, ಮನಸ್ಸು ಸೂಕ್ಷ್ಮ, ಮದುವೆಯಾದರೆ ಸರಿಹೋಗುತ್ತದೆ ಎಂದರು. ಮದುವೆಯೂ ಆಯಿತು. ಭಾವ ಬಸ್ ಡ್ರೈವರ್, ಒಳ್ಳೆಯ ಮನುಷ್ಯ, ಬಾಯಿ ತೆರೆದರೆ ತಮಾಷೆ. "ನಮ್ಮ ಮನೇಲಿ ಹೆದರೋ ಕೆಲಸವನ್ನೆಲ್ಲ ಇವಳೇ ವಹಿಸ್ಕೊಂಡಿದಾಳೆ, ನನಗೆ ಆರಾಮು" ಎನ್ನುತ್ತಿದ್ದರು. ಭಯ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ತಿಂಗಳಿಗೆ ಮೂರು ಸಲ ಬರುತ್ತಿದ್ದದ್ದು ವಾರಕ್ಕೆ ಮೂರಾಯಿತು.

ವಿಚಿತ್ರವೆಂದರೆ, ಈ ಪುಕ್ಕಲಿಯ ಕೆಲಸ ಚೂರಿಯ ಜೊತೆ. ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಅವಳು ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ಅದರ ಮೇಲೆ ರಟ್ಟಿನ ಅಚ್ಚುಗಳನ್ನಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಕರೆಂಟಿನ ಚೂರಿ ಓಡಿಸಬೇಕು. ತೋಳು, ಬೆನ್ನು, ಕಾಲರು, ಜೇಬು: ಯಾವ ತುಂಡನ್ನು ಯಾವುದರ ಸಂದಿಯಲ್ಲಿ ಕೂರಿಸಿದರೆ ಬಟ್ಟೆ ಉಳಿದೀತು ಎನ್ನುವುದೇ ಆ ಕೆಲಸದ ಗುಟ್ಟು. ಬೇರೆಯವರು ಅಳತೆಪಟ್ಟಿ ಹಿಡಿದು ಒದ್ದಾಡುತ್ತಿದ್ದರೆ ಅಕ್ಕ ಬಟ್ಟೆಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚುವಳು. "ತುಂಡುಗಳು ತಾವೇ ಬಂದು ಕೂತ್ಕೋತಾವೆ ಕಣೇ. ನಾನು ಬರೀ ಜಾಗ ಬಿಡ್ತೀನಿ" ಎಂದಿದ್ದಳು ಒಮ್ಮೆ. ಹೀಗೆ ಹಾಸಿದ ಪ್ರತಿ ಹಾಸಿನಲ್ಲೂ ಒಂದು ಗೇಣು ಬಟ್ಟೆ ಉಳಿಸುವವಳೆಂದು ಯಜಮಾನರಿಗೆ ಅವಳ ಮೇಲೆ ಎಲ್ಲಿಲ್ಲದ ಗೌರವ. ಅಲ್ಲಿ ಇಸ್ತ್ರಿ ಮಾಡುವ ಹೆಂಗಸು ಮಾತ್ರ ನಗುತ್ತಿದ್ದಳು: "ಮಾಸ್ಟರಮ್ಮನಿಗೆ ಚೂರಿ ಕಂಡ್ರೆ ಭಯ ಇಲ್ಲ, ಗೋಡೆ ಕಂಡ್ರೆ ಭಯ."

ಅಕ್ಕನಿಗೆ ನಲವತ್ತೆರಡಾದ ವರ್ಷ, ಒಂದು ಬೆಳಿಗ್ಗೆ, ನಾನು ಟೈಪಿಸ್ಟ್ ಆಗಿರುವ ಶಾಲೆಯ ಕಚೇರಿಗೆ ಆ ಇಸ್ತ್ರಿಯ ಹೆಂಗಸಿನಿಂದ ಫೋನ್ ಬಂತು. "ಬೇಗ ಬನ್ನಿ. ಕೈಗೆ ಏನೂ ಆಗಿಲ್ಲ, ಆದ್ರೂ ಬನ್ನಿ" ಎಂದಳು. ಕೈಗೆ ಏನೂ ಆಗಿಲ್ಲ ಎಂಬ ಮಾತು ಕೇಳಿಯೇ ನಾನು ರಜೆಯನ್ನೂ ಕೇಳದೆ ಹೊರಟೆ.

ಹೋಗಿ ನೋಡಿದರೆ ಅಕ್ಕ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಳೆ. ಮೇಜಿನ ಮೇಲೆ ಪ್ಯಾಂಟಿನ ಬಟ್ಟೆಯ ಹಾಸು. ಸೀಮೆಸುಣ್ಣದ ಗೆರೆ ಒಂದು ಕಡೆ ಬಾಗಿ ಹೋದರೆ ಚೂರಿ ಹೋದದ್ದು ನೇರಕ್ಕೆ. ಗೆರೆ ದಾಟಿ, ಇನ್ನೊಂದು ತುಂಡಿನ ನಡುವೆ ಹಾದು, ಅರವತ್ತು ಪದರವನ್ನೂ ಸೀಳಿಕೊಂಡು ಹೋಗಿ, ಅವಳ ಎಡಗೈ ಊರಿದ್ದ ಜಾಗಕ್ಕೆ ಎರಡು ಬೆರಳಿನಷ್ಟು ದೂರ ಇರುವಾಗ ನಿಂತಿತ್ತು. ಕೈಗೆ ಹಾಕುವ ಉಕ್ಕಿನ ಬಲೆಯ ಗವಸು ಪಕ್ಕದ ಮೇಜಿನ ಮೇಲೆ ಬಿದ್ದಿತ್ತು. ಕೂಗಿದರೂ ಕೇಳದ್ದು ಕಂಡು ಇಸ್ತ್ರಿಯ ಹೆಂಗಸು ಓಡಿಬಂದು ಗೋಡೆಯ ಸ್ವಿಚ್ಚು ಆರಿಸಿದ್ದಳು.

ಅಕ್ಕ ನನ್ನನ್ನು ನೋಡಿ, ಮೇಜಿನ ಕಡೆ ಬೆರಳು ತೋರಿಸಿ, ಮೆಲ್ಲಗೆ ಕೇಳಿದಳು: "ಯಾರೇ ಇದನ್ನ ಹೀಗೆ ಕತ್ತರಿಸಿದ್ದು?"

ಅವಳು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಆ ವಾರವೇ ದೊಡ್ಡ ಆಸ್ಪತ್ರೆಯ ನರದ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಅಮ್ಮಾ, ಹೆದರೋ ಅಂಥದ್ದು ಏನೋ ಒಂದು ನೆನಪಾಗಿ ಆಮೇಲೆ ಭಯ ಬರುತ್ತೋ, ಇಲ್ಲಾ ಭಯವೇ ಮೊದಲು ಬರುತ್ತೋ?"

"ಭಯವೇ ಮೊದಲು. ಹೊಟ್ಟೆಯಿಂದ ಮೇಲಕ್ಕೆ ಏರುತ್ತೆ. ಆಮೇಲೆ ಏನಾಯ್ತು ಅಂತ ಗೊತ್ತಾಗಲ್ಲ."

"ಇದು ಮೂರ್ಛೆರೋಗ" ಎಂದರು ಡಾಕ್ಟರು. "ಬಿದ್ದು ಕೈಕಾಲು ಬಡಿದ್ರೆ ಮಾತ್ರ ಫಿಟ್ಸ್ ಅಂತ ಜನ ತಿಳ್ಕೊಂಡಿದಾರೆ. ಮಿದುಳಿನಲ್ಲಿ ಭಯ ಹುಟ್ಟಿಸೋ ಜಾಗ ಒಂದಿದೆ. ನಿಮ್ಮ ಫಿಟ್ಸ್ ಅಲ್ಲಿಂದ ಶುರುವಾಗುತ್ತೆ. ನೀವು ಹೆದರ್ತಾ ಇಲ್ಲ. ನಿಮ್ಮ ಭಯಾನೇ ಫಿಟ್ಸು."

ಅಕ್ಕನಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಆಮೇಲೆ, "ಇಪ್ಪತ್ತಮೂರು ವರ್ಷ ಎಲ್ಲರೂ ಪುಕ್ಕಲಿ ಅಂದ್ರಿ. ನಾನೂ ಹೌದು ಅಂದ್ಕೊಂಡೆ. ಒಬ್ಬಳೇ ಒಂದು ಊರಿಗೆ ಹೋಗಲಿಲ್ಲ, ಮಕ್ಕಳು ಬೇಡ ಅಂದೆ. ಅದು ನಾನಲ್ವಾ ಹಾಗಾದ್ರೆ?" ಎಂದಳು. ಆ ಹೆಸರಿಟ್ಟವರಲ್ಲಿ ನಾನೂ ಒಬ್ಬಳು.

ಮಾತ್ರೆಗಳು ಶುರುವಾದವು. ಮೊದಲು ಒಂದು ಬಗೆ, ಆಮೇಲೆ ಎರಡು, ಆಮೇಲೆ ಮೂರು. ಬೆಳಿಗ್ಗೆ ಹತ್ತರ ತನಕ ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಭಯ ಮಾತ್ರ ತನ್ನ ಪಾಡಿಗೆ ತಾನು ಬರುತ್ತಿತ್ತು. ಚೂರಿ ಮುಟ್ಟಬಾರದು, ಒಲೆಯ ಮುಂದೆ ಒಬ್ಬಳೇ ನಿಲ್ಲಬಾರದು, ಸ್ನಾನಕ್ಕೆ ಹೋದರೆ ಒಳಗಿನಿಂದ ಚಿಲಕ ಹಾಕಬಾರದು. ಕಾರ್ಖಾನೆಯಲ್ಲಿ ಯಜಮಾನರು ಅವಳಿಗೆ ಗುಂಡಿ ಎಣಿಸುವ ಕೆಲಸ ಕೊಟ್ಟರು. ಅಚ್ಚುಗಳನ್ನು ಅವಳೇ ಜೋಡಿಸುವಳು, ಚೂರಿ ಬೇರೆಯವರದ್ದು. ನಾನು ಒಂದು ನೋಟುಪುಸ್ತಕದಲ್ಲಿ ಪ್ರತಿ ಸಲದ ತಾರೀಕು, ಗಂಟೆ ಬರೆಯತೊಡಗಿದೆ. ಬರೆಯಲು ಶುರು ಮಾಡಿದ ಮೇಲೆ ಭಯ ನನಗೂ ಅಂಟಿತು. ಅವಳು ಒಂದು ಕ್ಷಣ ಸುಮ್ಮನಾದರೆ ನನ್ನ ಕೈ ಪುಸ್ತಕಕ್ಕೆ ಹೋಗುತ್ತಿತ್ತು. ಊಟ ಮಾಡುವಾಗ ಅವಳ ತಟ್ಟೆ ನೋಡುವುದು ಬಿಟ್ಟು ಅವಳ ಗಂಟಲು ನೋಡುತ್ತ ಕೂರುತ್ತಿದ್ದೆ, ನುಂಗುವುದು ಹೆಚ್ಚಾಯಿತೇ ಎಂದು.

ಎರಡು ವರ್ಷದ ಮೇಲೆ ಡಾಕ್ಟರು, ಮಾತ್ರೆಗೆ ಬಗ್ಗುವುದಲ್ಲ ಇದು, ಆಪರೇಷನ್ ಸಾಧ್ಯವೇ ನೋಡೋಣ ಎಂದರು. ಅದಕ್ಕೆ ಮೊದಲು ಐದು ದಿನ ಆಸ್ಪತ್ರೆಯಲ್ಲಿ ಇರಬೇಕು. ತಲೆಗೆಲ್ಲ ತಂತಿ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಮಾತ್ರೆ ಕಡಿಮೆ ಮಾಡುತ್ತಾರೆ. ಫಿಟ್ಸ್ ಬರಲಿ ಎಂದು ಕಾಯುತ್ತಾರೆ.

ಅದು ಬರದಿರಲಿ ಎಂದು ಇಪ್ಪತ್ತೈದು ವರ್ಷ ಬೇಡಿಕೊಂಡವರು ನಾವು. ಈಗ ಬರಲಿ ಎಂದು ಕಾಯಬೇಕು. ನನ್ನ ಕೈಯಲ್ಲೊಂದು ಗುಂಡಿ ಕೊಟ್ಟಿದ್ದರು, ಬಂದ ಕೂಡಲೇ ಒತ್ತಲು. ಎರಡು ದಿನ ಏನೂ ಬರಲಿಲ್ಲ. "ನೆಂಟರನ್ನ ಕರೆದ್ರೆ ಇಷ್ಟೇ, ಬಿಗುಮಾನ" ಎಂದರು ಭಾವ. ಅಕ್ಕ ನಕ್ಕಳು, ತಂತಿಗಳು ಅಲುಗಾಡಿದವು. ಮೂರನೆಯ ದಿನ ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಿದ್ದವಳು "ಬಂತು" ಎಂದಳು. ನಾನು ಗುಂಡಿ ಒತ್ತಿ ಅವಳ ಕೈ ಹಿಡಿದೆ. ಬಾಗಿಲ ಕಡೆ ತಿರುಗಿ ಕೂಗಿದೆ, ನರ್ಸ್ ಓಡಿಬಂದಳು. ಅಷ್ಟೇ ನನಗೆ ನೆನಪಿದ್ದದ್ದು.

ಮರುದಿನ ಡಾಕ್ಟರು ಅದರ ವಿಡಿಯೋ ತೋರಿಸಲೇ ಎಂದು ಕೇಳಿದರು. ಅಕ್ಕ ಹೂಂ ಎಂದಳು. ತನ್ನ ಫಿಟ್ಸನ್ನು ಅವಳು ಅಲ್ಲಿಯವರೆಗೂ ನೋಡಿರಲಿಲ್ಲ. ನಾವು ಹೇಳಿದ್ದಷ್ಟೇ ಗೊತ್ತು. ಪರದೆಯ ಮೇಲೆ ಮಂಚದ ಮೇಲಿನ ಹೆಂಗಸು ಬ್ರೆಡ್ಡಿನ ತುಂಡು ಕೆಳಗಿಟ್ಟಳು. ಪಕ್ಕದಲ್ಲಿದ್ದ ನಾನು ಅವಳ ಕೈ ಹಿಡಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಆ ನೋಟವನ್ನು ಹೇಗೆ ಹೇಳಲಿ? ಕೊಲ್ಲಲು ಬಂದವರನ್ನು ನೋಡುವ ಹಾಗೆ ನೋಡಿದಳು. ಕೈ ಕಿತ್ತುಕೊಂಡಳು. ಬೆನ್ನನ್ನು ಗೋಡೆಗೆ ಒತ್ತಿ, ಮೊಣಕಾಲು ಮಡಚಿ, ನನ್ನಿಂದ ಎಷ್ಟು ದೂರ ಸರಿಯಲಾದೀತೋ ಅಷ್ಟು ದೂರ ಸರಿದಳು. ಆಮೇಲೆ ಅಂಗಿಯ ಗುಂಡಿ ತಿರುಗಿಸತೊಡಗಿದಳು.

ಇಷ್ಟು ವರ್ಷ ನಾನು ಅವಳಿಗೆ ಆಸರೆಯಾಗಿದ್ದೇನೆ ಎಂದುಕೊಂಡಿದ್ದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದೇನಾ?" ಎಂದಳು ಕೊನೆಗೆ. "ಇಷ್ಟೇನಾ? ಒಳಗಿಂದ ಇನ್ನೂ ದೊಡ್ಡದು." ಹೊರಗೆ ಬಂದ ಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಹಾಗೆ ನೋಡಿದ್ದು ನಿನ್ನನ್ನ ಅಲ್ಲ ಕಣೇ. ಅಲ್ಲಿ ಯಾರಿದ್ರೂ ಹಾಗೇ." ನಾನು ಗೊತ್ತು ಎಂದೆ. ಆ ಮುಖ ಮಾತ್ರ ತಿಂಗಳುಗಟ್ಟಲೆ ನನ್ನ ಕಣ್ಣಿಂದ ಹೋಗಲಿಲ್ಲ.

ಫಿಟ್ಸ್ ಹುಟ್ಟುವ ಜಾಗ ಸಿಕ್ಕಿತು. ತಲೆಯ ಬಲಮಗ್ಗುಲಲ್ಲಿ, ಕಿವಿಯ ನೇರಕ್ಕೆ, ಮಿದುಳಿನೊಳಗೆ. ತೆಗೆಯಬಹುದು ಎಂದರು. ಆದರೆ ತೆಗೆದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಮೊದಲು ಅಳೆಯಬೇಕು. ಆ ಕೆಲಸಕ್ಕೊಬ್ಬರು ಮನಶ್ಶಾಸ್ತ್ರದ ಮೇಡಂ ಇದ್ದರು. ನಮಗೆ ಅವರು ಪರೀಕ್ಷೆ ಮೇಡಂ. ಹದಿನೈದು ಪದ ಓದಿ ಹೇಳಿ, ಎಷ್ಟು ನೆನಪಿದೆ ಎಂದು ಕೇಳುವರು. ಅದರಲ್ಲಿ ಅಕ್ಕ ಪಾಸು. ಕಟ್ಟಡದ ನಕ್ಷೆಯಂಥ ಒಂದು ಚಿತ್ರ ಕೊಟ್ಟು ನೋಡಿಕೊಂಡು ಬರೆಯಿರಿ ಎಂದರು; ಬರೆದಳು. ಅರ್ಧ ಗಂಟೆ ಬಿಟ್ಟು ನೋಡದೆ ಬರೆಯಿರಿ ಎಂದರು. ಬರೆದಳು, ಒಂದು ಗೆರೆಯೂ ತಪ್ಪಲಿಲ್ಲ. ಮೇಡಂ ಹುಬ್ಬು ಏರಿಸಿದರು.

"ಹತ್ತು ಜನಕ್ಕೆ ಈ ಆಪರೇಷನ್ ಮಾಡಿದ್ರೆ ಆರೇಳು ಜನಕ್ಕೆ ಫಿಟ್ಸ್ ಪೂರ್ತಿ ನಿಲ್ಲುತ್ತೆ" ಎಂದು ವಿವರಿಸಿದರು. "ಆದ್ರೆ ನಮ್ಮ ಸಂಶೋಧನೆ ಫಿಟ್ಸ್ ನಿಂತಿತಾ ಇಲ್ವಾ ಅನ್ನೋದಕ್ಕೇ ಮುಗಿಯಲ್ಲ. ನೆನಪು ಹೇಗಿದೆ, ಕೆಲಸಕ್ಕೆ ಹೋಗ್ತಾರಾ, ಮನೆಯವರ ಜೊತೆ ಹೇಗಿದಾರೆ, ಬದುಕು ಬದುಕೋ ಹಾಗಿದೆಯಾ, ಅದನ್ನೂ ಐದು ವರ್ಷ ಕೇಳ್ತಾ ಹೋಗ್ತೀವಿ. ಫಿಟ್ಸ್ ನಿಂತ್ರೂ ಸುಖ ಇಲ್ಲ ಅಂದವರೂ ಇದಾರೆ."

ಅಕ್ಕ ಕೇಳಿದಳು: "ಮಾತೆಲ್ಲ ಎಡಗಡೆ ಇರುತ್ತೆ ಅಂದ್ರಲ್ಲ. ಬಟ್ಟೆ ಮೇಲೆ ತುಂಡು ಕೂರಿಸ್ತೀನಲ್ಲ, ಅದು ಯಾವ ಕಡೆ ಇರುತ್ತೆ?"

ಮೇಡಂ ಪೆನ್ನು ಕೆಳಗಿಟ್ಟರು. "ಬಲಗಡೆ" ಎಂದರು. "ಆಕಾರ, ದಾರಿ, ಮುಖ ನೆನಪಿಡೋದು ಹೆಚ್ಚಾಗಿ ಬಲಗಡೆ. ಸ್ವಲ್ಪ ಕಮ್ಮಿ ಆಗಬಹುದು. ಎಷ್ಟು ಅಂತ ಮೊದಲೇ ಹೇಳೋಕ್ಕಾಗಲ್ಲ."

ಮನೆಯಲ್ಲಿ ಅಂದು ಭಾವ ತಮಾಷೆ ಮಾಡಲಿಲ್ಲ. "ಇಪ್ಪತ್ತೆರಡು ವರ್ಷ ಬಸ್ ಓಡಿಸಿದೀನಿ" ಎಂದರು. "ಹತ್ತು ಸಲ ಒತ್ತಿದ್ರೆ ಮೂರು ಸಲ ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ರೆ ಡಿಪೋದಿಂದ ಗಾಡಿ ತೆಗೀತೀನಾ?"

"ಈಗ ಎಷ್ಟು ಸಲ ಹಿಡೀತಿದೆ ರೀ?" ಎಂದಳು ಅಕ್ಕ.

ಆದರೂ ಅವಳು ಒಪ್ಪಲಿಲ್ಲ. ಆರು ತಿಂಗಳ ತನಕ, ಆಗಲಿ ನೋಡೋಣ, ಆಗಲಿ ನೋಡೋಣ ಎಂದು ತಳ್ಳುತ್ತಲೇ ಬಂದಳು. ತುಂಡು ಕೂರಿಸುವ ಆ ಕಣ್ಣು ಹೋದರೆ ತನ್ನ ಹತ್ತಿರ ಇನ್ನೇನು ಉಳಿಯುತ್ತದೆ ಎಂಬ ಚಿಂತೆ. ಅವಳು ಮನಸ್ಸು ಬದಲಿಸಿದ್ದು ಯಾರ ಮಾತಿನಿಂದಲೂ ಅಲ್ಲ.

ಕಾರ್ಖಾನೆಯ ಹಿಂದೆ ಮಾಲು ತುಂಬುವ ಅಂಗಳ. ಅವಳು ಊಟದ ಡಬ್ಬಿ ತೊಳೆಯಲು ನಲ್ಲಿಗೆ ಹೋಗುತ್ತಿದ್ದಳು. ಬಟ್ಟೆ ತಂದಿದ್ದ ಲಾರಿ ಹಿಂದಕ್ಕೆ ಬರುತ್ತಿತ್ತು, ನೇರ ಅವಳ ಮೇಲೆಯೇ. ಅವಳಿಗೆ ಭಯವಾಯಿತು. ಯಾರಿಗಾದರೂ ಆಗಬೇಕಾದ ಭಯ ಅದು. ಆದರೆ ಅಕ್ಕ, ಬಂತು, ಫಿಟ್ಸು, ಎಂದುಕೊಂಡಳು. ಬಂದಾಗ ಅಲುಗಾಡದೆ ಇದ್ದಲ್ಲೇ ಇರಿ ಎಂದು ಡಾಕ್ಟರು ಹೇಳಿದ್ದರು. ಇದ್ದಲ್ಲೇ ನಿಂತಳು. ಡಬ್ಬಿ ಹಿಡಿದುಕೊಂಡು, ಭಯ ಮುಗಿಯಲಿ ಎಂದು ಕಾಯುತ್ತ. ಯಾರೋ ಕಿರುಚಿದ್ದಕ್ಕೆ ಲಾರಿ ನಿಂತಿತು. ಅದರ ಹಿಂಬದಿಯ ಹಲಗೆ ಅವಳ ಡಬ್ಬಿಗೆ ತಾಗಿ ಟಣ್ ಎಂದಿತು.

ಸಂಜೆ ಅವಳೇ ಇದನ್ನು ನನಗೆ ಹೇಳಿದಳು. "ಫಿಟ್ಸ್ ಬಂದಿರಲಿಲ್ಲ ಕಣೇ. ಲಾರಿ ಬಂದಿತ್ತು. ನಿಜವಾದದ್ದು ಯಾವುದು, ಸುಳ್ಳು ಯಾವುದು, ನನಗೆ ಗೊತ್ತಾಗಲಿಲ್ಲ" ಎಂದಳು. ಡಬ್ಬಿ ಮೇಜಿನ ಮೇಲಿಟ್ಟು, "ಮಾಡಿಸ್ಕೋತೀನಿ" ಎಂದಳು.

ಆಪರೇಷನ್ನಿನ ಬೆಳಿಗ್ಗೆ ಬಲಗಿವಿಯ ಮೇಲಿನ ಕೂದಲು ತೆಗೆದಿದ್ದರು. ಸ್ಟ್ರೆಚರಿನ ಮೇಲೆ ಮಲಗಿದ್ದವಳ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಹೆದರಿ, "ಬಂತಾ?" ಎಂದೆ. ತಲೆ ಅಲ್ಲಾಡಿಸಿದಳು. "ಇಲ್ಲ. ಇದು ನನ್ನದೇ. ತಲೆ ಕೊಯ್ತಾರೆ ಅಂತ ಹೆದರಿದೀನಿ. ಕಾರಣ ಇರೋ ಭಯ ಇದು, ಎಷ್ಟೋ ವಾಸಿ" ಎಂದಳು. ಭಾವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ಗೆರೆಯ ಮೇಲೆ ಹಾಕಲು ಹೋಗಿ ಅಂಚಿನ ಮೇಲೆ ಹಾಕಿದರು.

ಆರು ಗಂಟೆ ಕಾದೆವು. ಆ ಆರು ಗಂಟೆ ನಾನು ಒಂದು ಬಾಗಿಲಿನ ಹಿಡಿಕೆಯನ್ನೇ ನೋಡುತ್ತ ಕೂತಿದ್ದೆ. ಹಿಡಿಕೆ ತಿರುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಯಾರದೋ ಡಾಕ್ಟರು, ಯಾರದೋ ನರ್ಸ್. ಕೊನೆಗೆ ನಮ್ಮವರು ಬಂದು, ಚೆನ್ನಾಗಿ ಆಯಿತು ಎಂದರು. ಭಾವ ಥ್ಯಾಂಕ್ಸ್ ಹೇಳುವ ಬದಲು, "ಅವಳಿಗೆ ನಾವು ಗೊತ್ತಾಗ್ತೀವಾ?" ಎಂದರು.

ಗೊತ್ತಾದೆವು. ಕಣ್ಣು ಊದಿ ಮುಚ್ಚಿಹೋಗಿತ್ತು, ದವಡೆ ತೆರೆಯಲು ಆಗುತ್ತಿರಲಿಲ್ಲ. ಆದರೂ ಭಾವನ ದನಿ ಕೇಳಿ, "ಬಸ್ ಯಾರ ಕೈಲಿ ಬಿಟ್ಟು ಬಂದ್ರಿ?" ಎಂದಳು. ನಾವಿಬ್ಬರೂ ನಗುತ್ತ ಅತ್ತುಬಿಟ್ಟೆವು.

ಆದರೆ ಮೂರನೆಯ ದಿನ, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ, ಅವಳು ತಟ್ಟನೆ ಸ್ತಬ್ಧಳಾದಳು. ಉಗುಳು ನುಂಗಿದಳು. ಬೆರಳು ಹೊದಿಕೆಯ ಅಂಚನ್ನು ಹುಡುಕಿತು. ನನ್ನ ಕೈಯಿಂದ ಚಮಚ ಬಿತ್ತು. ಇಷ್ಟೆಲ್ಲ ಆಗಿ, ತಲೆ ತೆರೆದು ಮುಚ್ಚಿ, ಮತ್ತೆ ಅದೇ. ಡಾಕ್ಟರು ಬಂದು, ಮೊದಲ ವಾರದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಯದ ಊತಕ್ಕೆ ಹೀಗಾಗುತ್ತದೆ ಎಂದರು. ನಾನು ತಲೆಯಾಡಿಸಿದೆ, ನಂಬಲಿಲ್ಲ. ಅವರು ಹೇಳಿದ್ದು ನಿಜವೋ ಸಮಾಧಾನದ ಮಾತೋ ಎಂದು ತಿಳಿಯಲು ಕಾಯುವುದೊಂದೇ ದಾರಿ. ಒಂದು ತಿಂಗಳು ಬರಲಿಲ್ಲ. ಮೂರು ತಿಂಗಳು ಬರಲಿಲ್ಲ. ಆರು ತಿಂಗಳಾದರೂ ನಾನು ಅವಳ ಗಂಟಲು ನೋಡುವುದು ಬಿಡಲಿಲ್ಲ. ಒಂದು ದಿನ ಅವಳು ತಟ್ಟೆ ಪಕ್ಕಕ್ಕೆ ತಳ್ಳಿ, "ನೀನು ಹೀಗೆ ನೋಡ್ತಿದ್ರೆ ನನಗೆ ಹುಚ್ಚು ಹಿಡಿಯುತ್ತೆ. ಆ ಕಡೆ ತಿರುಗಿ ಕೂತ್ಕೋ" ಎಂದು ಗದರಿದಳು. ಅಲ್ಲಿಂದ ಸ್ವಲ್ಪ ದಿನ ನಾನು ಗೋಡೆಗೆ ಮುಖ ಮಾಡಿ ಊಟ ಮಾಡಿದೆ.

ಫಿಟ್ಸ್ ನಿಂತಿತು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು.

ಮೊದಲು ಕಂಡದ್ದು ನೋಟದ ಕೊರತೆ. ಅವಳ ಕಣ್ಣೆದುರಿನ ಎಡ ಮೇಲ್ಮೂಲೆ ಮಾಯವಾಗಿತ್ತು. ತೆರೆದ ಕಪಾಟಿನ ಬಾಗಿಲಿಗೆ ಎರಡು ಸಲ ಹಣೆ ಬಡಿದುಕೊಂಡಳು. ಆಮೇಲೆ ಮುಖಗಳು. ಮನೆಯವರು, ಹಳಬರು ಗೊತ್ತು. ಹೊಸಬರು ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಗೆ ಬಾಡಿಗೆಗೆ ಬಂದವರನ್ನು ದಿನಾ ನೋಡಿದರೂ ದಿನಾ ಹೊಸಬರು. "ಸೊಕ್ಕು ಅಂದ್ಕೊಂಡಿದಾರೆ ಅವರು" ಎಂದು ಬೇಸರಪಟ್ಟುಕೊಂಡಳು. ಬಸ್ ನಿಲ್ದಾಣ ಎರಡು ಬೀದಿ ಆಚೆಗೆ ಬದಲಾದಾಗ ಮನೆ ಸಿಗದೆ ಭಾವನಿಗೆ ಫೋನ್ ಮಾಡಿದಳು. ಊರೆಲ್ಲ ಬಸ್ ಓಡಿಸುವವನ ಹೆಂಡತಿ ತನ್ನದೇ ಬೀದಿಯಲ್ಲಿ ದಾರಿ ತಪ್ಪಿದಳು ಎಂದು ಭಾವ ಎಲ್ಲರ ಮುಂದೆ ನಗಾಡಿದರು. ಅವಳೂ ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು.

ಏಳನೆಯ ತಿಂಗಳು ಕೆಲಸಕ್ಕೆ ಹೋದಳು. ನಾನೂ ಜೊತೆಗೆ ಹೋಗಿದ್ದೆ. ಯಜಮಾನರು ಮೇಜು ಖಾಲಿ ಮಾಡಿಸಿ, ಅಂಗಿಯ ಬಟ್ಟೆ ಹಾಸಿ ಕಾಯುತ್ತಿದ್ದರು. ಅಕ್ಕ ಬಟ್ಟೆ ನೋಡಿದಳು. ಕಣ್ಣು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು. ಬೆನ್ನಿನ ಅಚ್ಚು ತೆಗೆದು ಒಂದು ಕಡೆ ಇಟ್ಟಳು, ತೆಗೆದು ಇನ್ನೊಂದು ಕಡೆ ಇಟ್ಟಳು. ಹೊಲಿಗೆಯ ಯಂತ್ರಗಳು ಒಂದೊಂದಾಗಿ ನಿಂತವು. ಎಲ್ಲರೂ ನೋಡುತ್ತಿದ್ದರು.

"ಬರ್ತಾ ಇಲ್ಲ" ಎಂದಳು. "ಯಾವುದೂ ಬಂದು ಕೂರ್ತಾ ಇಲ್ಲ."

ಅವಳ ಮುಖದಲ್ಲಿ ಭಯ ಕಂಡಿತು. ಇಪ್ಪತ್ತೈದು ವರ್ಷ ನಾನು ಕಂಡ ಭಯ ಒಂದು ನಿಮಿಷದ್ದು, ಬಂದು ಹೋಗುವಂಥದ್ದು. ಇದು ಹೋಗಲಿಲ್ಲ. ಆ ದಿನ ಮನೆಗೆ ಬಂದು ಮಲಗಿದವಳು ಹತ್ತು ದಿನ ಸರಿಯಾಗಿ ಏಳಲಿಲ್ಲ. ಆಪರೇಷನ್ ಆದ ಮೊದಲ ವರ್ಷ ಕೆಲವರು ಹೀಗೆ ಕುಗ್ಗಿಹೋಗುತ್ತಾರೆ, ಅದಕ್ಕೂ ಚಿಕಿತ್ಸೆಯಿದೆ ಎಂದು ಪರೀಕ್ಷೆ ಮೇಡಂ ಅವಳನ್ನು ವಾರಕ್ಕೊಮ್ಮೆ ಕರೆಸಿಕೊಂಡು ಮಾತಾಡಿಸಿದರು. ಒಂದು ದಿನ ಕೇಳಿದರಂತೆ: "ತಲೆಯೊಳಗೆ ಕೂರದಿದ್ರೆ ಹೊರಗೆ ಕೂರಿಸೋಕೆ ಆಗಲ್ವಾ?"

ಅಕ್ಕ ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿದಳು. ಪ್ರತಿಯೊಂದು ಅಚ್ಚಿಗೂ ಒಂದು ಪುಟ್ಟ ಕಾಗದದ ಮರಿ. ಊಟದ ಮೇಜೇ ಬಟ್ಟೆ. ಮರಿಗಳನ್ನು ಸರಿಸಿ, ತಿರುಗಿಸಿ, ಅಳೆದು, ಸರಿಯಾದಾಗ ಅಂಟಿಸಿ, ಪಕ್ಕದಲ್ಲಿ ಮಾತಿನಲ್ಲಿ ಬರೆದುಕೊಳ್ಳುವಳು: ಎಡತೋಳು ತಲೆಕೆಳಗೆ, ಅದರ ಕಂಕುಳಲ್ಲಿ ಕಾಲರು. ಮಾತಿನ ಕಡೆ ಗಟ್ಟಿಯಾಗಿತ್ತಲ್ಲ, ಅದರ ಕೈಯಲ್ಲಿ ಕೆಲಸ ಮಾಡಿಸಿದಳು. ಇಪ್ಪತ್ತು ನಿಮಿಷದಲ್ಲಿ ಆಗುತ್ತಿದ್ದದ್ದಕ್ಕೆ ಎರಡು ಗಂಟೆ ಹಿಡಿಯಿತು. ಗೇಣು ಉಳಿಯುತ್ತಿದ್ದ ಕಡೆ ನಾಲ್ಕು ಬೆರಳು ಉಳಿಯಿತು. ಯಜಮಾನರು ಅಷ್ಟರಲ್ಲಿ ಇನ್ನೊಬ್ಬ ಕಟಿಂಗ್ ಮಾಸ್ಟರನ್ನು ತಂದಿದ್ದರು. ದೊಡ್ಡ ಹಾಸುಗಳು ಅವನಿಗೆ ಹೋದವು, ಸಣ್ಣವು ಅಕ್ಕನಿಗೆ. ಅವಳಿಗೆ ಅದು ನುಂಗಲಾರದ ತುತ್ತು. ಈಗಲೂ ಹಾಗೆಯೇ ಇದೆ.

ಒಂದು ಮಾತ್ರ ಅವಳ ಕೈಗೆ ವಾಪಸು ಬಂತು. ಎರಡು ವರ್ಷ ಫಿಟ್ಸ್ ಬರದಿದ್ದ ಮೇಲೆ ಡಾಕ್ಟರು ಚೂರಿ ಹಿಡಿಯಬಹುದು ಎಂದರು. ಮೊದಲ ದಿನ ಉಕ್ಕಿನ ಗವಸು ಹಾಕಿಕೊಂಡು, ಸ್ವಿಚ್ಚಿನ ಹತ್ತಿರ ಇಸ್ತ್ರಿಯ ಹೆಂಗಸನ್ನು ನಿಲ್ಲಿಸಿ, ಗೆರೆಯ ಮೇಲೆ ಚೂರಿ ಓಡಿಸಿದಳು. ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕಿತಂತೆ. ಗೆರೆ ತಪ್ಪಲಿಲ್ಲ.

ಆಪರೇಷನ್ ಆಗಿ ಇದು ಐದನೆಯ ವರ್ಷ. ಕೊನೆಯ ಪರೀಕ್ಷೆಗೆ ನಾವಿಬ್ಬರೂ ಹೋಗಿದ್ದೆವು. ನಾನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದೆ. ತಿರುಗಿ ನೋಡಿದರೆ ಅಕ್ಕ ಬೆಂಚಿನ ಮೇಲೆ ಒಬ್ಬ ಕನ್ನಡಕದ ಹೆಂಗಸಿನ ಪಕ್ಕ ಕೂತು ಬಡಬಡ ಮಾತಾಡುತ್ತಿದ್ದಾಳೆ. "ಮೇಡಂ, ನೀವು ಹೇಳಿದ ಹಾಗೆ ಕಾಗದದ ಮರಿ ಈಗ್ಲೂ ಮಾಡ್ತೀನಿ" ಎನ್ನುತ್ತಿದ್ದಾಳೆ. ಮಾತ್ರೆ ಒಂದಕ್ಕೆ ಇಳಿದದ್ದು, ಕಪಾಟಿನ ಬಾಗಿಲು, ಕಳೆದ ವರ್ಷ ಒಬ್ಬಳೇ ರೈಲಿನಲ್ಲಿ ಹೋಗಿಬಂದದ್ದು, ಎಲ್ಲ ಒಪ್ಪಿಸುತ್ತಿದ್ದಾಳೆ. ಆ ಹೆಂಗಸು ಪರೀಕ್ಷೆ ಮೇಡಂ ಆಗಿರಲಿಲ್ಲ. ಕನ್ನಡಕ ಮಾತ್ರ ಅಂಥದ್ದೇ.

ನಾನು ಹತ್ತಿರ ಹೋಗಿ, "ಅಕ್ಕಾ, ಇವರು ಬೇರೆ" ಎಂದೆ. ಅಕ್ಕನ ಮುಖ ಕೆಂಪಾಯಿತು. ಎದ್ದು ಹೊರಡಲು ನೋಡಿದಳು. ಆ ಹೆಂಗಸು ಅವಳ ಸೆರಗನ್ನೇ ಹಿಡಿಯುವವಳಂತೆ ಕೈ ಚಾಚಿದಳು.

"ಹೋಗಬೇಡಿ. ನನ್ನ ಮಗಳಿಗೆ ಬರೋ ವಾರ ಇದೇ ಆಪರೇಷನ್ನು. ಕಾಲೇಜಲ್ಲಿ ಓದ್ತಿದಾಳೆ. ಊಟ ಸೇರ್ತಿಲ್ಲ ನನಗೆ. ಒಂದು ಹೇಳಿ, ಎಲ್ಲ ಮತ್ತೆ ಮೊದಲಿಂದ ಆಗೋದಾದ್ರೆ ನೀವು ಮಾಡಿಸ್ಕೋತಿದ್ರಾ?"

ಅಕ್ಕ ಮತ್ತೆ ಕೂತಳು. ನನಗೂ ಕುತೂಹಲ, ಐದು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಲು ನನಗೆ ಧೈರ್ಯವಾಗಿರಲಿಲ್ಲ.

"ಮಾಡಿಸ್ಕೋತಿದ್ದೆ" ಎಂದಳು. "ಇಷ್ಟೇ ಹೆದರ್ಕೊಂಡು ಮಾಡಿಸ್ಕೋತಿದ್ದೆ. ನನ್ನ ಕೈಯಿಂದ ಒಂದು ಹೋಯ್ತು, ಅದಕ್ಕೆ ಈಗ್ಲೂ ಅಳು ಬರುತ್ತೆ. ಫಿಟ್ಸ್ ಮತ್ತೆ ಬಂದ್ರೆ ಅನ್ನೋ ಹೆದರಿಕೆ ದಿನಾ ಇದೆ. ಸುಳ್ಳು ಯಾಕೆ ಹೇಳಲಿ? ನಿಮ್ಮ ಮಗಳಿಗೆ ಯಾವ ಕಡೆ?"

"ಎಡಗಡೆ."

"ಹಾಗಾದ್ರೆ ಮಾತಿನ ವಿಷಯ ಮೇಡಂ ಹತ್ರ ಚೆನ್ನಾಗಿ ಕೇಳಿ. ನಾಚ್ಕೋಬೇಡಿ, ಹತ್ತು ಸಲ ಕೇಳಿ. ಬರೆದಿಟ್ಕೊಳ್ಳಿ."

ಆ ಹೆಂಗಸು ಚೀಲದಲ್ಲಿ ಪೆನ್ನಿಗೆ ತಡಕಾಡಿದಳು. ಸಿಗಲಿಲ್ಲ. ನನ್ನದನ್ನು ಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ಅಕ್ಕನ ನಂಬರು ಕೂಗಿದರು. ಮೂರು ಬಾಗಿಲುಗಳಲ್ಲಿ ಯಾವುದೆಂದು ಅವಳು ನನ್ನ ಕಡೆ ನೋಡಿದಳು. ನಾನು ಎರಡನೆಯದನ್ನು ತೋರಿಸಿದೆ, ಅವಳು ಒಳಗೆ ಹೋದಳು.